ಕೆಳಗಿನ ಹಾಳೆ

ಮನುಷ್ಯ ಸುಳ್ಳು ಹೇಳಬಹುದು, ಕಾಗದ ಎಂದೂ ಹೇಳುವುದಿಲ್ಲ. ಮೂವತ್ತನಾಲ್ಕು ವರ್ಷ ದೆಹಲಿಯ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕೈಬರಹ ಮತ್ತು ದಾಖಲೆಗಳ ಪರೀಕ್ಷಕನಾಗಿದ್ದ ನಾನು ಈ ಮಾತನ್ನು ಪ್ರತಿ ತರಬೇತಿ ತರಗತಿಯ ಮೊದಲ ದಿನ ಹೇಳುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಕಾಗದ ಸುಳ್ಳು ಹೇಳದೆ ಇದ್ದಿದ್ದರೆ ಸರ್ಕಾರ ನಮಗೆ ಸಂಬಳ ಯಾಕೆ ಕೊಡುತ್ತಿತ್ತು ಎಂದು ಒಬ್ಬನೂ ಕೇಳಲಿಲ್ಲ.

ಹೋದ ತಿಂಗಳು ನಮ್ಮ ನೋಯ್ಡಾದ ಫ್ಲ್ಯಾಟಿಗೆ ಇಬ್ಬರು ಬಂದಿದ್ದರು. ದಾವಣಗೆರೆಯ ಹುಡುಗಿ ಒಬ್ಬಳು, ಇದೇ ವಿದ್ಯೆ ಓದುತ್ತಿರುವವಳು; ಜೊತೆಗೆ ಅವಳ ಸಹಪಾಠಿ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗ. ಹಿರಿಯರ ಅನುಭವ ಕೇಳಬೇಕು ಅಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತೆ. ಮುಕ್ಕಾಲು ಗಂಟೆ ಹೇಳಿದೆ. ಹುಡುಗ ತಲೆಯಾಡಿಸುತ್ತಾ, "ಬಹುತ್ ಇಂಟರೆಸ್ಟಿಂಗ್ ಅಂಕಲ್" ಅಂದ. ಆಮೇಲೆ ಹುಡುಗಿ ಸಂಕೋಚದಿಂದ ಕೇಳಿದಳು: "ಅಂಕಲ್, ನಿಮ್ಮ ಹತ್ರ ಬಶೀರ್ ಸರ್ ನಂಬರ್ ಇದೆಯಾ?"

ಇತ್ತು. ಕೊಟ್ಟೆ. ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಕೊಡುವ ಯೋಚನೆ ಬಂದಿತ್ತು. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಆದ್ದರಿಂದ ಈ ಕಸುಬಿಗೆ ಇಳಿಯುವವರಿಗೆ ನಾನೇ ಬರೆದು ತಿಳಿಸುವುದು ಒಳ್ಳೆಯದು. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಬರಲಿಲ್ಲ ಎನ್ನುವುದನ್ನು ಬಿಡುತ್ತೇನೆ. ಎರಡನೆಯದೇ ಹೆಚ್ಚು.

ನಾನು ಸೇರಿದಾಗ ನಮ್ಮ ಆಯುಧಗಳು ಎರಡು, ಒಂದು ಲೆನ್ಸು, ಒಂದು ಟಾರ್ಚು. ಕಾಗದವನ್ನು ಮೇಜಿನ ಮೇಲಿಟ್ಟು ಟಾರ್ಚನ್ನು ಓರೆಯಾಗಿ, ಸಂಜೆಯ ಸೂರ್ಯನಂತೆ ತೀರಾ ತಗ್ಗಿಸಿ ಹಿಡಿದರೆ, ಮೇಲಿನ ಹಾಳೆಯಲ್ಲಿ ಒತ್ತಿ ಬರೆದದ್ದರ ಗುರುತು ಕೆಳಗಿನ ಹಾಳೆಯ ಮೇಲೆ ನೆರಳಾಗಿ ಕಾಣುತ್ತದೆ. ನನಗೆ ಅದು ಉಳಿದವರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳಿಲ್ಲ.

ತಪ್ಪುಗಳೂ ಆಗಿವೆ. ಒಂದು ದಾನಪತ್ರದ ಸಹಿ ನೋಡಿ, ಇದು ಕೈನಡುಗುವ ವೃದ್ಧನದು, ಬಹುಶಃ ಮರಣಶಯ್ಯೆಯಲ್ಲಿ ಹಾಕಿದ್ದು ಎಂದು ಮೂರು ಪುಟ ಬರೆದುಕೊಟ್ಟೆ. ಸಹಿ ಮಾಡಿದವರು ಕೋರ್ಟಿಗೆ ಬಂದರು. ಐವತ್ತರ ಗಟ್ಟಿಮುಟ್ಟಾದ ಆಳು. ಓಡುವ ಬಸ್ಸಿನಲ್ಲಿ ಬ್ರೀಫ್‌ಕೇಸಿನ ಮೇಲಿಟ್ಟು ಸಹಿ ಹಾಕಿದ್ದರಂತೆ. ನ್ಯಾಯಾಧೀಶರು ನನ್ನನ್ನು ನೋಡಿ, "ಮರಣಶಯ್ಯೆ ಯಾವ ರೂಟಿನದು?" ಎಂದು ಕೇಳಿದರು.

ಈಗ ಬಶೀರನ ವಿಷಯ. ಹಾವೇರಿಯವನು, ನನಗಿಂತ ಆರು ವರ್ಷ ಚಿಕ್ಕವನು. ಇಡೀ ಪ್ರಯೋಗಾಲಯದಲ್ಲಿ ಕನ್ನಡಿಗರು ನಾವಿಬ್ಬರೇ. ಅವನು ಸೇರಿದ ದಿನ ನಾನೇ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಕರೆದೊಯ್ದು ಅವಲಕ್ಕಿ ಹಾಕಿಸಿದೆ. ಟಾರ್ಚು ಹಿಡಿಯುವುದನ್ನು ಕಲಿಸಿದ್ದೂ ನಾನೇ. ಮೊದಲನೆಯ ಪಾಠ: ಸಾಕ್ಷ್ಯದ ಕಾಗದದ ಮೇಲೆ ಇನ್ನೊಂದು ಕಾಗದವಿಟ್ಟು ಬರೆಯಕೂಡದು, ನಿನ್ನ ಬರಹವೇ ಅದಕ್ಕೆ ಇಳಿಯುತ್ತದೆ. ಅವನು ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೆಳಗೆ ನನ್ನ ಹೆಸರು ಹಾಕಿಕೊಂಡ. ಈ ನೋಟ್‌ಬುಕ್ಕು ನೆನಪಿರಲಿ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿ ಒಬ್ಬರನ್ನು ಆರು ತಿಂಗಳ ತರಬೇತಿಗೆ ಆಸ್ಟ್ರೇಲಿಯಾಕ್ಕೆ ಕಳಿಸುತ್ತಾರೆಂದು ಸುತ್ತೋಲೆ ಬಂತು. ಒತ್ತಿದ ಗುರುತುಗಳನ್ನು ವಿದ್ಯುತ್ತಿನಿಂದ ಎಬ್ಬಿಸುವ ಯಂತ್ರವೊಂದನ್ನು ಅಲ್ಲಿ ಕಲಿಯಬೇಕು, ಆಮೇಲೆ ಅದು ಇಲ್ಲಿಗೂ ಬರುತ್ತದೆ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನಿಮಗೆ ಯಾವ ವಿಷಯದಲ್ಲಿ ತರಬೇತಿಯ ಅಗತ್ಯವಿದೆ? ನಾನು ಅಗತ್ಯವಿಲ್ಲ ಎಂದು ಬರೆದೆ. ಇಪ್ಪತ್ತು ವರ್ಷ ಕಣ್ಣು ಸವೆಸಿದವನ ಆತ್ಮಗೌರವ ಅದು. ಬಶೀರ್ ಒಂದೂವರೆ ಪುಟ ಬರೆದ. ಇದರಲ್ಲಿ ಆಯ್ಕೆ ಸಮಿತಿಗೆ ಕಷ್ಟವೇನೂ ಆಗಲಿಲ್ಲವೆಂದು ಆಮೇಲೆ ತಿಳಿಯಿತು.

ಆರು ತಿಂಗಳ ನಂತರ ಅವನು ನೀಲಿ ಸೂಟು ಹಾಕಿಕೊಂಡು ಬಂದ. ಸೂಟನ್ನು ಸಹಿಸಿಕೊಂಡೆ. ಕತೆಗಳನ್ನು ಸಹಿಸುವುದು ಕಷ್ಟವಾಯಿತು. ಮೊದಲೆಲ್ಲ ಹನ್ನೊಂದು ಗಂಟೆಯ ಚಹಾಕ್ಕೆ ಜನ ನನ್ನ ಮೇಜಿನ ಸುತ್ತ ಸೇರುತ್ತಿದ್ದರು. ಈಗ ಕುರ್ಚಿಗಳನ್ನು ಎತ್ತಿಕೊಂಡು ಅವನ ಮೇಜಿಗೆ ಹೋದರು.

ಕತೆಗಳು ಚೆನ್ನಾಗಿದ್ದವು ಎಂದು ಒಪ್ಪಲೇಬೇಕು. ಹೆಸರುವಾಸಿ ಕೊಲೆಗಳು, ಬ್ಯಾಂಕು ದರೋಡೆಗಳು, ಮಾದಕ ವಸ್ತುಗಳ ಜಾಲ. ಅವನ್ನು ಭೇದಿಸಿ ಪತ್ರಿಕೆಗಳಲ್ಲಿ ನಗುವ ಫೋಟೋ ಹಾಕಿಸಿಕೊಂಡ ಪತ್ತೇದಾರರು. ಆಮೇಲೆ ನೋಡಿದರೆ ಕಳ್ಳರೂ ಪತ್ತೇದಾರರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರಂತೆ. ಆರೋಪಿ ಎಲ್ಲ ಒಪ್ಪಿಕೊಂಡ, ಸಹಿ ಮಾತ್ರ ಹಾಕಲಿಲ್ಲ ಎಂದು ಹೇಳಿ, ತಾವೇ ತಯಾರಿಸಿದ ತಪ್ಪೊಪ್ಪಿಗೆಗಳನ್ನು ಕೋರ್ಟಿಗೆ ಕೊಡುತ್ತಿದ್ದರಂತೆ. ವಿಚಾರಣಾ ಆಯೋಗಗಳು ಕೂತವು, ಕಾರಿನೊಳಗೆ ಗುಪ್ತ ಕ್ಯಾಮೆರಾ ಇಟ್ಟರು, ಮೆರೆದವರು ಒಬ್ಬೊಬ್ಬರಾಗಿ ಕಟಕಟೆ ಹತ್ತಿದರು. ಆರೋಪಿಯ ಹೇಳಿಕೆಯನ್ನು ಟೇಪ್ ಮಾಡಲೇಬೇಕೆಂಬ ಕಟ್ಟುಪಾಡು ಆಮೇಲೆ ಬಂತು.

"ಶುರು ಹೆಂಗಾಗ್ತಿತ್ತು ಗೊತ್ತೇನ್ರಿ?" ಎಂದು ಬಶೀರ್ ದನಿ ತಗ್ಗಿಸುತ್ತಿದ್ದ. "ದೊಡ್ಡ ಸುಳ್ಳಿನಿಂದ ಅಲ್ಲ. ಕಳ್ಳ ಇವನೇ ಅಂತ ಖಾತ್ರಿ ಇರ್ತಿತ್ತು. ಒಂದು ಸಾಲು ಬಿಡೋದು, ಒಂದು ಸಾಲು ಸೇರಿಸೋದು. ಅರ್ಧ ಹಾಳೆ ಅಷ್ಟೇ."

"ಫಿರ್ ಕ್ಯಾ ಹುವಾ, ಬಶೀರ್ ಸಾಬ್?" ಆಮೇಲೇನಾಯಿತು ಎಂದು ಕೇಳಿದ್ದು ಕ್ಯಾಂಟೀನಿನ ಭಯ್ಯಾ, ಕೆಟಲು ಕೈಯಲ್ಲಿ ಹಿಡಿದುಕೊಂಡೇ. ನನ್ನ ಲೋಟ ಖಾಲಿಯಿತ್ತು. ಅವನು ನೋಡಲಿಲ್ಲ.

ಇದೆಲ್ಲ ನಮ್ಮಲ್ಲಿ ಇಲ್ಲವೇ ಎಂದು ನನಗೆ ಅನಿಸುತ್ತಿತ್ತು. ಹೊಟ್ಟೆಕಿಚ್ಚು ಹತ್ತಿದವನಿಗೆ ಪರದೇಶದ ಲಂಚವೂ ತನ್ನೂರಿನದಕ್ಕಿಂತ ಚೆಂದ ಕಾಣುತ್ತದೆ.

ಯಂತ್ರವೂ ಬಂತು. ಕಂಚಿನ ತಟ್ಟೆಯ ಮೇಲೆ ಕಾಗದ ಇಡಬೇಕು. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಮೇಲೆ ವಿದ್ಯುತ್ತಿನ ಕೋಲು ಆಡಿಸಿ ಕಪ್ಪು ಪುಡಿ ಸುರಿದರೆ ಒತ್ತಿದ ಗುರುತಿರುವಲ್ಲಿ ಮಾತ್ರ ಪುಡಿ ನಿಲ್ಲುತ್ತದೆ. ಕಾಗದಕ್ಕೆ ಏನೂ ಆಗುವುದಿಲ್ಲ, ಪ್ಲಾಸ್ಟಿಕ್ಕಿನ ಮೇಲೆ ಅಕ್ಷರ ತಾನಾಗಿ ಎದ್ದು ಬರುತ್ತದೆ. ನಾನು ಅರ್ಧ ದಿನ ಟಾರ್ಚು ಹಿಡಿದು ಕಾಣುತ್ತಿದ್ದದ್ದನ್ನು ಅದು ಹತ್ತು ನಿಮಿಷದಲ್ಲಿ ತೋರಿಸುತ್ತಿತ್ತು. ನೋಡಲು ಬಂದ ಅಧಿಕಾರಿಗಳಿಗೆ ನಿರ್ದೇಶಕರು ಬಶೀರನನ್ನು ಪರಿಚಯಿಸಿ, ಆಮೇಲೆ ನನ್ನತ್ತ ಕೈ ತೋರಿ, "ಇವರೂ ಇಲ್ಲೇ ಇದ್ದಾರೆ" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲೇ ಮಹೇಂದರನ ಪ್ರಕರಣ ಬಂತು. ನಮ್ಮ ಕಾಲೊನಿಯಲ್ಲಿ ಕೂಲರ್ ರಿಪೇರಿ ಮಾಡುತ್ತಿದ್ದವನು. ಅವನ ಹೆಂಡತಿ ಬಿಮ್ಲಾ ನಮ್ಮ ಬ್ಲಾಕಿನ ಬೇವಿನ ಮರದಡಿ ಇಸ್ತ್ರಿ ಮೇಜು ಹಾಕಿಕೊಂಡಿದ್ದಳು. ಪಕ್ಕದ ಬಡಾವಣೆಯಲ್ಲಿ ಒಬ್ಬರೇ ಇದ್ದ ವಿಧವೆಯೊಬ್ಬರ ಕೊಲೆಯಾಗಿತ್ತು, ಬಳೆಗಳು ಕಾಣೆಯಾಗಿದ್ದವು. ಅವರ ಕೂಲರಿನ ಪಕ್ಕೆಗಳಲ್ಲಿ ನೀರು ಹನಿಸುವ ಹುಲ್ಲನ್ನು ಬದಲಿಸಿದ್ದು ಮಹೇಂದರ್. ಹಿಡಿದು ಒಳಗೆ ಹಾಕಿ ಹದಿನಾಲ್ಕು ತಿಂಗಳಾಗಿತ್ತು.

ಪೊಲೀಸರ ಬಳಿ ಇದ್ದದ್ದು ಎರಡು ಹಾಳೆ, ಎರಡೂ ಒಂದೇ ಪ್ಯಾಡಿನವು. ಮೊದಲನೆಯದು ಮಂಗಳವಾರದ ಹೇಳಿಕೆ: ಬಳೆಗಳನ್ನು ನನ್ನ ಅಂಗಡಿಯ ಹಳೆಯ ಕೂಲರಿನ ಹುಲ್ಲಿನಲ್ಲಿ ಅಡಗಿಸಿದ್ದೇನೆ ಎಂದು ಮಹೇಂದರ್ ಹೇಳಿದ್ದು. ಎರಡನೆಯದು ಬುಧವಾರದ ಜಪ್ತಿ ಪತ್ರ: ಅವನು ಹೇಳಿದಂತೆ ಹೋಗಿ ನೋಡಲಾಗಿ ಬಳೆಗಳು ಸಿಕ್ಕವು ಎಂಬುದು. ಪ್ರಕರಣ ಭೇದಿಸಿದ ಇನ್ಸ್‌ಪೆಕ್ಟರರ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತು. ಹೇಳಿಕೆಯನ್ನೇ ಕೊಟ್ಟಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದು ಮಹೇಂದರ್ ಕೋರ್ಟಿನಲ್ಲಿ ಹೇಳಿದ. ಯಾವ ಹಾಳೆ ಮೊದಲು ಬರೆದದ್ದು ಎಂದು ತಿಳಿಸುವಂತೆ ಕೋರ್ಟು ನಮಗೆ ಕಳಿಸಿತು. ಕೆಲಸ ಬಶೀರನಿಗೆ ಹೋಯಿತು.

ಇನ್ಸ್‌ಪೆಕ್ಟರರು ಒಂದು ದಿನ ಬಂದರು. ಬಶೀರನ ಕೋಣೆಗೆ ಹೋಗಿ ಎರಡು ನಿಮಿಷದಲ್ಲಿ ಹೊರಬಂದು, ನನ್ನ ಎದುರಿನ ಕುರ್ಚಿಯಲ್ಲಿ ಆರಾಮಾಗಿ ಕೂತರು.

"ಸೀನಿಯರ್ ತೋ ಆಪ್ ಹೈ" ಅಂದರು. ಹಿರಿಯರು ತಾವು. "ಈ ವಿಲಾಯತಿ ಯಂತ್ರ ನಮ್ಮ ದಿಲ್ಲಿಯ ಒಣಹವೆಯಲ್ಲಿ ನಡೆಯುತ್ತದೆಯೇ? ಅನುಭವಸ್ಥರೊಬ್ಬರು ಸಂಶಯ ಎತ್ತಿದರೆ ಕೋರ್ಟು ಕೇಳುತ್ತದೆ."

ವರ್ಷವೊಂದರಿಂದ ಯಾರೂ ನನ್ನನ್ನು ಅನುಭವಸ್ಥನೆಂದು ಕರೆದಿರಲಿಲ್ಲ. ನಾನು ಹೂಂ ಅನ್ನಲಿಲ್ಲ. ಉಹೂಂ ಅಂದದ್ದೂ ನೆನಪಿಲ್ಲ.

ಅದೇ ವಾರ ನಮ್ಮ ಕಚೇರಿಯ ಗೇಟಿನ ಬಳಿ ಬಶೀರ್ ಬಿಮ್ಲಾಳ ಜೊತೆ ಮಾತಾಡುತ್ತಿದ್ದುದನ್ನು ಕಿಟಕಿಯಿಂದ ಕಂಡೆ. ಅವಳು ಕೆಲಸ ಬಿಟ್ಟು ದಿನಾ ಬಂದು ಕೂತು, ಹೋಗಿಬರುವವರನ್ನೆಲ್ಲ "ಸಾಬ್, ಕಾಗಜ್ ಪಾಸ್ ಹುವಾ?" ಎಂದು ಕೇಳುತ್ತಿದ್ದಳು. ಕಾಗದ ಪಾಸಾಗುವುದು ಫೇಲಾಗುವುದು ಇಲ್ಲಮ್ಮ, ಮನೆಗೆ ಹೋಗು ಎಂದು ಅವನು ಹೇಳುತ್ತಿದ್ದ. ನನಗದು ಸ್ಪಷ್ಟವಾಗಿ ಕೇಳಿಸಿತು.

ಶುಕ್ರವಾರ ಮಧ್ಯಾಹ್ನ ಬಶೀರ್ ನಮಾಜಿಗೆ ಹೋದ. ಅವನು ಬರುವವರೆಗೆ ಕೋಣೆ ನನ್ನ ವಶದಲ್ಲಿತ್ತು. ನಾನು ಅವನ ಕುರ್ಚಿಯಲ್ಲಿ ಕೂತೆ. ಒಳ್ಳೆಯ ಕುರ್ಚಿ. ಅದರಲ್ಲಿ ಕೂತಾಗ ಅವನ ಮೇಲೆ ಒಂದು ಅನಾಮಧೇಯ ದೂರು ಬರೆಯಬೇಕೆಂದು ಮನಸ್ಸಾಯಿತು. ದೂರನ್ನು ಕೊನೆಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು ನಿಜ. ಆದರೆ ಹೊಟ್ಟೆಕಿಚ್ಚಿನ ಕರಡು ಮಾತೃಭಾಷೆಯಲ್ಲೇ ಆಗಬೇಕು. ಕಿಸೆಯಿಂದ ಒಂದು ಹಾಳೆ ತೆಗೆದು, ಮೇಜಿನ ಗಾಜು ಬಿರುಕು ಬಿಟ್ಟಿದ್ದರಿಂದ ಕೈಗೆ ಸಿಕ್ಕ ತೆಳು ಫೈಲೊಂದನ್ನು ಕೆಳಗಿಟ್ಟುಕೊಂಡು ಬರೆದೆ. ಫೈಲಿನ ಮೇಲೆ ಬರೆಯುವುದು ಸರ್ಕಾರಿ ನೌಕರನ ಹುಟ್ಟುಗುಣ. ಇನ್ನೊಂದು ಮಾತು: ನನ್ನ ಕೈ ಐದು ಕಾರ್ಬನ್ ಪ್ರತಿಗಳ ಕಾಲದ್ದು. ಐದನೆಯ ಪ್ರತಿಯೂ ಓದಲು ಬರುವಂತೆ ಒತ್ತಿ ಬರೆಯುವುದು ನಮಗೆ ಕಲಿಸಿದ ಶಿಸ್ತು. ಬರೆದು, ಮಡಚಿ, ಕಿಸೆಗೆ ಹಾಕಿಕೊಂಡು ನನ್ನ ಜಾಗಕ್ಕೆ ಬಂದೆ.

ಸೋಮವಾರ ಬಶೀರ್ ಬಾಗಿಲಲ್ಲಿ ನಿಂತು ಕರೆದ. "ರಾಯರೇ, ಬರ್ರಿ. ಮಹೇಂದರನ ಹೇಳಿಕೆ ತಟ್ಟೆ ಮೇಲೆ ಇಟ್ಟೀನಿ. ಇದನ್ನ ನೀವು ನೋಡ್ಬೇಕು."

ಅವನು ಕಪ್ಪು ಪುಡಿ ಸುರಿದ. ಮೇಲಿನ ಅರ್ಧದಲ್ಲಿ ಹಿಂದಿ ಅಕ್ಷರಗಳು ಎದ್ದವು. ಓದಿದೆವು. ಜಪ್ತಿ ಪತ್ರದ ಸಾಲುಗಳು. ಅಂದರೆ ಜಪ್ತಿ ಪತ್ರ ಬರೆಯುವಾಗ ಹೇಳಿಕೆಯ ಹಾಳೆ ಪ್ಯಾಡಿನಲ್ಲಿ ಅದರ ಕೆಳಗೇ ಇತ್ತು; ಹೇಳಿಕೆಯ ಶಾಯಿ ಆ ಗುರುತುಗಳ ಮೇಲೆ ಹಾದುಹೋಗಿತ್ತು. ಬಳೆಗಳು ಮೊದಲು ಸಿಕ್ಕಿದ್ದವು, ಎಲ್ಲಿವೆಯೆಂದು ಆರೋಪಿ ಆಮೇಲೆ ಹೇಳಿದ್ದ.

"ಆಸ್ಟ್ರೇಲಿಯಾದಾಗ ನೋಡಿದ್ದು ಇದನ್ನೇ ನೋಡ್ರಿ" ಎಂದ ಬಶೀರ್, ಪುಡಿಯನ್ನು ಕೆಳಗಿನ ಅರ್ಧಕ್ಕೆ ಜಾರಿಸಿದ.

ಅಲ್ಲಿ ಕನ್ನಡ ಎದ್ದಿತು.

ದುಂಡಗೆ, ಒತ್ತಾಗಿ, ಒಂದಕ್ಷರ ಬಿಡದೆ. ಐದನೆಯ ಪ್ರತಿಗೂ ಸಾಲುವಂತೆ. 'ಸದರಿ ಬಶೀರ್ ಎಂಬುವರು ವಿದೇಶದಿಂದ ಬಂದ ಮೇಲೆ ಯಂತ್ರವನ್ನು ಸ್ವಂತ ಆಸ್ತಿಯಂತೆ ಬೀಗ ಹಾಕಿಡುತ್ತಿದ್ದು, ಚಹಾಕ್ಕೆ ಹಾಲನ್ನು ಬೇರೆಯಾಗಿ ಕೇಳುತ್ತಾರೆ. ಆರೋಪಿಯ ಕಡೆಯವರೊಂದಿಗೆ ಇವರಿಗೆ ಒಳಒಪ್ಪಂದವಿದೆಯೆಂದು ಕೇಳಿಬಂದಿದೆ.'

ಬಶೀರ್ ಎರಡು ಸಲ ಓದಿದ. 

"ಹಾಲು ಬ್ಯಾರೆ ಕೇಳಿದ್ದು ಒಂದೇ ಸಲ, ರಾಯರೇ" ಎಂದ. "ಅವತ್ತು ಹೊಟ್ಟೆ ಸರಿ ಇರಲಿಲ್ಲ."

 ನನ್ನ ಬಾಯಿಂದ ಹೊರಟ ಮಾತು ಒಳ್ಳೆಯದಾಗಿರಲಿಲ್ಲ. "ಮೇಲಿನ ಅರ್ಧ ಮಾತ್ರ ತೆಗೆದು ಕಳಿಸಬಹುದಲ್ಲ ಮಾರಾಯ. ಕೆಳಗೆ ಕೇಸಿಗೆ ಸಂಬಂಧಪಟ್ಟದ್ದೇನೂ ಇಲ್ಲ."

ಅವನು ಟೇಬಲ್ಲಿನ ಡ್ರಾಯರಿನಿಂದ ಹಳೆಯ ನೋಟ್‌ಬುಕ್ಕು ತೆಗೆದು ಮೊದಲ ಪುಟ ಬಿಚ್ಚಿಟ್ಟ. ಓದಲಿಲ್ಲ. "ಆ ಪತ್ತೇದಾರರೂ ಅರ್ಧ ಹಾಳೆಯಿಂದಲೇ ಶುರು ಮಾಡಿದ್ರು" ಎಂದ. "ಕನ್ನಡದಾಗ ಬರಹ ಅದ, ಹಾಳೆ ಇಲ್ಲಿಗೆ ಬಂದ ಮ್ಯಾಲೆ ಬಿದ್ದದ್ದು ಅಂತ ನಾನು ರಿಪೋರ್ಟಿನಾಗ ಬರೀತೀನಿ. ಯಾರದು ಅಂತ ನಾನು ಬರೆಯೋದಿಲ್ಲ. ಅದನ್ನ ನೀವು ಹೇಳ್ಬೇಕು. ಹೇಳಲಿಲ್ಲ ಅಂದ್ರ, ಒಂದು ಬರಹ ಲ್ಯಾಬಿನಾಗ ಬಿದ್ದೈತಿ ಅಂದ ಮ್ಯಾಲೆ ಇನ್ನೊಂದೂ ಅಲ್ಲೇ ಬಿದ್ದಿರಬೇಕು ಅಂತ ಸರ್ಕಾರಿ ವಕೀಲ ಅಂತಾನ. ನಾನು ಲಂಚ ತಿಂದೀನಿ ಅಂತಾನ. ಮಹೇಂದರ್ ಒಳಗೇ ಉಳೀತಾನ."

ನಿರ್ದೇಶಕರಿಗೆ ಹೇಳಿದೆವು. ಅವರು ಇಡೀ ಸೇವೆಯಲ್ಲಿ ಯಾವ ಕಡತದ ಮೇಲೂ ಸ್ವಂತ ಅಭಿಪ್ರಾಯ ಬರೆಯದೆ ಆ ಸ್ಥಾನಕ್ಕೆ ಏರಿದವರು. "ಅಚ್ಛಾ, ಚಲೋ" ಎಂದರು. "ಇನ್ನೊಂದು ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಸ್ವಲ್ಪ ಚಿಕ್ಕದಾಗಿ." ಬಶೀರ್ ತಲೆಯಾಡಿಸಿ ನಿರಾಕರಿಸಿದ. ಅವರು ನನ್ನತ್ತ ನೋಡಿದರು. ನಾನು ಕಿಟಕಿಯತ್ತ ನೋಡಿದೆ.

ಮೂರು ದಿನ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಪಶ್ಚಾತ್ತಾಪ ಪಟ್ಟೆನೆಂದು ಬರೆದರೆ ಓದುವವರಿಗೆ ಹಿತವಾದೀತು. ನಾನು ಬಶೀರನ ಅನುಮತಿ ಕೇಳಿ, ಅವನ ಎದುರಿಗೇ, ಆ ಹಾಳೆಯನ್ನು ನನ್ನ ಟಾರ್ಚಿನ ಕೆಳಗೆ ಇಟ್ಟುಕೊಂಡೆ. ಅವನ ತೀರ್ಮಾನದಲ್ಲಿ ಒಂದೇ ಒಂದು ತಪ್ಪು ಸಿಕ್ಕರೆ ಸಾಕಿತ್ತು. ಯಂತ್ರ ಸೋತು ಟಾರ್ಚು ಗೆದ್ದರೆ, ನನ್ನ ಕನ್ನಡದ ಸಾಲುಗಳನ್ನು ಕೇಳುವವರು ಯಾರು? ಮೂರು ದಿನ ಹುಡುಕಿದೆ. ಜಪ್ತಿ ಪತ್ರದ ಗುರುತುಗಳು ನನ್ನ ಟಾರ್ಚಿಗೂ ಕಂಡವು, ಅವನು ಹೇಳಿದ ಜಾಗದಲ್ಲೇ. ಅವುಗಳ ಮೇಲೆ ಶಾಯಿ ಹಾದದ್ದೂ ಕಂಡಿತು. ತಪ್ಪಿರಲಿಲ್ಲ. ಆಗ ಬಂದಷ್ಟು ಸಿಟ್ಟು ಅವನ ಸೂಟು ನೋಡಿದಾಗಲೂ ಬಂದಿರಲಿಲ್ಲ.

ಮೂರನೆಯ ದಿನ ಸಂಜೆ ಬಿಮ್ಲಾ ಬಟ್ಟೆಯ ಗಂಟು ಹೊತ್ತು ನಮ್ಮ ಮನೆಯ ಬಾಗಿಲಿಗೆ ಬಂದಳು. ಎರಡು ವಾರದಿಂದ ಬಿಟ್ಟಿದ್ದ ಕೆಲಸ ಮತ್ತೆ ಹಿಡಿದಿದ್ದಳು. ಕಾಗದ ಪಾಸಾಯಿತೇ ಎಂದು ನನ್ನನ್ನು ಕೇಳಲಿಲ್ಲ. ಅವಳು ಗೇಟಿನಲ್ಲಿ ಕೂತಷ್ಟು ದಿನ ನಾನು ಹಿಂದಿನ ಬಾಗಿಲಿಂದ ಹೋಗಿಬಂದಿದ್ದೆ; ನಾನು ಅದೇ ಕಚೇರಿಯವನೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಬಾಬೂಜಿ, ಈ ಬಿಳಿ ಅಂಗಿಯ ಕಾಲರು ಹರಿದಿದೆ. ತಿರುಗಿಸಿ ಹೊಲಿಸಿಕೊಳ್ಳಿ" ಎಂದಳು.

ಹೆಂಡತಿ ಒಳಗೆ ಅಂಗಿ ಜೋಡಿಸುತ್ತಾ ಕೇಳಿದಳು: "ಕೋರ್ಟಿಗೆ ಯಾವುದು ಹಾಕ್ಕೋತೀರಿ?"

"ಕೋರ್ಟಿಗೆ ಹೋಗ್ತೀನಿ ಅಂತ ಯಾರು ಹೇಳಿದ್ರು?"

"ಬಶೀರ್ ಫೋನ್ ಮಾಡಿದ್ರು, ಕೋರ್ಟಿನ ತಾರೀಖು ಹೇಳಿದ್ರು. ನಿಮ್ಮ ಬಗ್ಗೆ ಏನೂ ಹೇಳಲಿಲ್ಲ. ಊಟ ಮಾಡ್ತಿದಾರಾ ಅಂತ ಕೇಳಿದ್ರು ಅಷ್ಟೇ. ನೀವು ಏನೋ ಮಾಡ್ಕೊಂಡಿದೀರ ಅಂತ ಅದರಲ್ಲೇ ಗೊತ್ತಾಯ್ತು."

ಬಿಳಿಯದನ್ನೇ ಹಾಕಿಕೊಂಡೆ.

ಸೆಷನ್ಸ್ ಕೋರ್ಟಿನಲ್ಲಿ ಮೊದಲು ಬಶೀರ್ ಸಾಕ್ಷಿ ಹೇಳಿದ, ಆಮೇಲೆ ನನ್ನನ್ನು ಕರೆದರು. ಸರ್ಕಾರಿ ವಕೀಲರು ಯಂತ್ರದ ಆ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ಹಿಡಿದರು. ಮಾತೆಲ್ಲ ಹಿಂದಿಯಲ್ಲಿ ನಡೆಯಿತು.

"ಇದು ಯಾವ ಲಿಪಿ?"

"ಕನ್ನಡ."

"ಬರೆದವರು?"

"ನಾನು."

"ಓದಿ. ಅರ್ಥ ಹೇಳಿ."

ಓದಿದೆ. ನನ್ನ ಹಿಂದಿ ವ್ಯಾಕರಣ ಅಂದು ಅಷ್ಟು ಚೆನ್ನಾಗಿದ್ದದ್ದು ನನ್ನ ದುರದೃಷ್ಟ. ಚಹಾಕ್ಕೆ ಹಾಲು ಬೇರೆ ಎಂಬಲ್ಲಿ ಸ್ಟೆನೊ ಬೆರಳು ನಿಲ್ಲಿಸಿ ತಲೆಯೆತ್ತಿದಳು. "ಅದನ್ನೂ ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು. ಆಮೇಲೆ ಅವರೇ ಕೇಳಿದರು: "ಒಳಒಪ್ಪಂದವಿದೆಯೆಂದು ಕೇಳಿಬಂದಿದೆ ಅಂತಿದೆಯಲ್ಲ. ಯಾರಿಂದ ಕೇಳಿದಿರಿ?"

"ಯಾರಿಂದಲೂ ಇಲ್ಲ."

"ಮತ್ತೆ?"

"ದೂರುಗಳಲ್ಲಿ ಹಾಗೆ ಬರೆಯುವುದು ವಾಡಿಕೆ, ಸ್ವಾಮಿ. ಅದು ಸುಳ್ಳು."

"ಕಾರಣ?"

"ಹೊಟ್ಟೆಕಿಚ್ಚು."

"ಯಾವುದರ ಮೇಲೆ?"

ಯೋಚಿಸಿದೆ. ಪ್ರಮಾಣ ಮಾಡಿದ್ದೆ. "ಆಸ್ಟ್ರೇಲಿಯಾದ ಮೇಲೆ" ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಸರ್ಕಾರಿ ವಕೀಲರು ನನ್ನ ಹತ್ತಿರ ಬಂದರು. "ಸಹೋದ್ಯೋಗಿಯ ಮೇಲೆ ಸುಳ್ಳು ಬರೆದವರು ನೀವು. ಈಗ ಅವರ ವರದಿ ಸರಿಯಿದೆ ಅನ್ನುತ್ತೀರಿ. ನಿಮ್ಮ ಮಾತನ್ನು ಕೋರ್ಟು ಯಾಕೆ ನಂಬಬೇಕು?"

"ಹೊಟ್ಟೆಕಿಚ್ಚು ಹೋಗಿಲ್ಲ ಸಾರ್" ಎಂದೆ. "ಈ ಕ್ಷಣವೂ ಇದೆ. ಅವನ ವರದಿ ತಪ್ಪು ಅಂತ ಹೇಳುವ ಆಸೆ ಈ ಕೋರ್ಟಿನಲ್ಲಿ ನನ್ನಷ್ಟು ಯಾರಿಗೂ ಇಲ್ಲ, ನಿಮಗೂ ಇಲ್ಲ. ಮೂರು ದಿನ ಅದಕ್ಕೇ ಕೂತಿದ್ದೆ. ಕೆಳಗಿನ ಬರಹ ನನ್ನದು. ಮೇಲಿನದು ಜಪ್ತಿ ಪತ್ರದ್ದು, ಹೇಳಿಕೆಗಿಂತ ಮೊದಲು ಬಿದ್ದದ್ದು. ನನಗೆ ತಪ್ಪು ಸಿಗಲಿಲ್ಲ."

ಇನ್ಸ್‌ಪೆಕ್ಟರರು ಮೊದಲ ಸಾಲಿನಲ್ಲಿ ಕೂತು ತಮ್ಮ ಟೋಪಿಯ ಒಳಭಾಗವನ್ನು ಪರೀಕ್ಷಿಸುತ್ತಿದ್ದರು. ಕಟಕಟೆ ಇಳಿಯುವಾಗ ಬಾಗಿಲ ಬಳಿ ಬಿಮ್ಲಾ ಕಂಡಳು. ಮುಖಕ್ಕಿಂತ ಮೊದಲು ಅವಳಿಗೆ ಗುರುತು ಸಿಕ್ಕಿದ್ದು ಅಂಗಿ. ಕಾಲರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ವಾಪಸು ಬರುವಾಗ ಆಟೋದಲ್ಲಿ ಬಶೀರ್, "ಟಾರ್ಚಿನಾಗ ಶಾಯಿ ಹಾದದ್ದು ಖರೇನ ಕಂಡಿತೇನ್ರಿ?" ಎಂದು ಕೇಳಿದ.

"ಕಂಡಿತು."

"ನನಗ ಯಂತ್ರ ಇಲ್ಲದ ಕಾಣತಿರಲಿಲ್ಲ" ಎಂದ.

ಅವನು ಹಾಗೆ ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅವನಲ್ಲಿ ನನಗೆ ಸಹಿಸಲಾಗದ್ದು ಅದೂ ಒಂದು.

ದಾವಣಗೆರೆಯ ಆ ಹುಡುಗಿ ಮೊನ್ನೆ ಹೌಜ್ ಖಾಸಿನಲ್ಲಿರುವ ಬಶೀರನ ಮನೆಗೆ ಹೋಗಿ ಬಂದಳಂತೆ. ಟಾರ್ಚು ಹಿಡಿಯುವುದನ್ನು ಕಲಿಯಬೇಕಾದರೆ ನೋಯ್ಡಾದ ರಾಯರ ಹತ್ತಿರವೇ ಹೋಗಬೇಕು ಎಂದು ಅವನು ಹೇಳಿದನಂತೆ. ಭಾನುವಾರ ಮತ್ತೆ ಬರುತ್ತಾಳೆ.

ಮಹೇಂದರ್ ಆ ವರ್ಷದ ಚಳಿಗಾಲದಲ್ಲಿ ಖುಲಾಸೆಯಾದ. ಇನ್ಸ್‌ಪೆಕ್ಟರರು ಎಂಟು ತಿಂಗಳು ಅಮಾನತಿನಲ್ಲಿದ್ದು ಬೇರೆ ಠಾಣೆಗೆ ಹೋದರು. ನನಗೆ ಛೀಮಾರಿ ಪತ್ರ ಬಂತು, ಪ್ರತಿಗಳು ಐದು. ಆ ವಿಧವೆಯನ್ನು ಕೊಂದವರು ಇವತ್ತಿನವರೆಗೂ ಸಿಕ್ಕಿಲ್ಲ.